ಸೆಕೆಗೆ ಹಾಕಿದ ಚಪ್ಪರ

ತಲ್ಲೂರಿನಲ್ಲಿ ಮನೆಯೆದುರು ಚಪ್ಪರ ಎದ್ದಿತೆಂದರೆ ಊರಿಗೆ ಎರಡೇ ಅರ್ಥ ಗೊತ್ತು. ಒಂದು ಮದುವೆ, ಇನ್ನೊಂದು ಬೊಜ್ಜ, ಅಂದರೆ ಸತ್ತವರ ಹೆಸರಿನಲ್ಲಿ ಹಾಕುವ ಊಟ. ಮೂರನೆಯದೊಂದು ಅರ್ಥವೂ ಇತ್ತು, ಅದನ್ನು ಊರು ಮರೆತು ಬಹಳ ಕಾಲವಾಯಿತು. ಹಿಂದೆಲ್ಲ ಬೇಸಗೆ ಶುರುವಾದ ಕೂಡಲೇ ಮನೆಮನೆಯವರೂ ಅಂಗಳಕ್ಕೆ ಸೆಗಣಿ ಸಾರಿಸಿ, ಅಡಿಕೆ ಮರದ ಕಂಬ ನಿಲ್ಲಿಸಿ, ಮೇಲೆ ತೆಂಗಿನ ಮಡಲು ಹೊದೆಸುತ್ತಿದ್ದರು. ಉಂಡವರು ಅಲ್ಲೇ ಚಾಪೆ ಹಾಸಿ ಉರುಳುವುದು, ಬಂದವರು ಅಲ್ಲೇ ಕೂತು ಬೆಲ್ಲ ನೀರು ಕುಡಿಯುವುದು, ಹಪ್ಪಳ ಒಣಗಿಸುವವರು ನೆರಳಲ್ಲಿ ಕೂತು ಬಿಸಿಲಲ್ಲಿದ್ದ ಹಪ್ಪಳಕ್ಕೆ ಕಾಗೆ ಕಾಯುವುದು, ಎಲ್ಲ ಮಳೆ ಬರುವವರೆಗೂ ಆ ಚಪ್ಪರದಡಿಯಲ್ಲೇ. ತಾರಸಿ ಮನೆಗಳು ಬಂದವು, ಪ್ರತಿ ಕೋಣೆಗೊಂದು ಫ್ಯಾನು ಬಂತು, ಸೆಕೆಗೆ ಚಪ್ಪರ ಹಾಕುವುದು ಬಡವರ ಲಕ್ಷಣವೆಂದಾಗಿ ನಿಂತೇಹೋಯಿತು. ಶಾಮಿಯಾನದ ಕಾಲದಲ್ಲೂ ಮದುವೆಗೂ ಬೊಜ್ಜಕ್ಕೂ ಮಾತ್ರ ಶಾಸ್ತ್ರಕ್ಕೆಂದು ಒಂದು ಮಡಲಿನ ಚಪ್ಪರ ಬೇಕೇ ಬೇಕು.

ಹೀಗಿರುವಾಗ 2008ರ ಏಪ್ರಿಲ್ ತಿಂಗಳಲ್ಲಿ ಮೀನು ಮಾರುವ ಜಲಜ ತನ್ನ ಅಂಗಳದಲ್ಲಿ ಚಪ್ಪರ ಹಾಕಿಸಿದಳು. ಐವತ್ತು ದಾಟಿದ ಹೆಂಗಸು, ಒಂಟಿ, ಮದುವೆಯಾದವಳಲ್ಲ. ಊರಿನ ತಲೆ ಕೆಡುವುದಕ್ಕೆ ಇಷ್ಟು ಸಾಕಾಗಿತ್ತು.

ಅವಳಿಗೆ ಬೇಕಾಗಿದ್ದದ್ದು ನೆರಳು ಮಾತ್ರ. ಜಲಜಳ ಮನೆ ಮೊದಲು ಹೆಂಚಿನದು. ತಾಯಿ ತೀರಿಹೋದ ಮೇಲೆ, ಸಾಲಿನ ಎಲ್ಲ ಮನೆಗಳೂ ತಾರಸಿಯಾದ ಮೇಲೆ, ಇವಳೂ ಹಟ ಹಿಡಿದು ಎರಡು ಕೋಣೆ, ಒಂದು ಅಡುಗೆಮನೆಯ ತಾರಸಿ ಮನೆ ಕಟ್ಟಿಸಿದಳು. ತಾರಸಿ ಎಂದರೆ ಮರ್ಯಾದೆ. ಮಳೆಗಾಲದಲ್ಲಿ ಆ ಮರ್ಯಾದೆ ಸೋರುವುದಿಲ್ಲ ಎಂಬುದೇನೋ ಸರಿ, ಆದರೆ ಬೇಸಗೆಯಲ್ಲಿ ಅದರ ಕೆಳಗೆ ಬದುಕುವುದು ಕಷ್ಟ. ಹಗಲೆಲ್ಲ ಕುಡಿದ ಬಿಸಿಲನ್ನು ತಾರಸಿ ಸಂಜೆಯಾದ ಮೇಲೆ ನಿಧಾನವಾಗಿ ಒಳಗೆ ಬಿಡುತ್ತಿತ್ತು. ಗೋಡೆ ಮುಟ್ಟಿದರೆ ಜ್ವರ ಬಂದವರ ಮೈ ಮುಟ್ಟಿದ ಹಾಗೆ. ಫ್ಯಾನು ತಿರುಗಿದಷ್ಟೂ ಅದೇ ಬಿಸಿ ಗಾಳಿ ಮುಖಕ್ಕೆ. ಮಿಂದು ಬಂದು ಸೀರೆ ಉಡುವಷ್ಟರಲ್ಲಿ ಮತ್ತೆ ಬೆವರು. ಕರಾವಳಿಯ ಸೆಕೆಯೇ ಹಾಗೆ, ಸುಡುವುದಿಲ್ಲ, ಬೇಯಿಸುತ್ತದೆ.

ಜಲಜ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ಕೊಂಡು, ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಮಧ್ಯಾಹ್ನದವರೆಗೆ ಕೂತು ಮಾರಿ, ಬರುವಾಗ ಐಸ್ ಫ್ಯಾಕ್ಟರಿಯ ಕಿಟ್ಟನ ಹತ್ತಿರ ಒಡೆದು ಬಿದ್ದ ಐಸ್ ತುಂಡೊಂದನ್ನು ಗೋಣಿಯಲ್ಲಿ ಸುತ್ತಿ ತರುತ್ತಿದ್ದಳು. ಅದನ್ನು ಬೋಗುಣಿಯಲ್ಲಿಟ್ಟು ಟೇಬಲ್ ಫ್ಯಾನಿನ ಎದುರಿಗೆ ಇಡುವುದು, ತಾನು ಅದರ ಈಚೆ ಮಲಗುವುದು. ಸ್ವಲ್ಪ ಹೊತ್ತು ತಂಪು ಗಾಳಿ ಬರುತ್ತಿತ್ತು. ಗೋಣಿ ಮೀನಿನದಾದ್ದರಿಂದ ಗಾಳಿಯಲ್ಲಿ ಬಂಗುಡೆಯ ವಾಸನೆಯೂ ಬರುತ್ತಿತ್ತು. ನೆರೆಮನೆಯ ಹರಿಣಾಕ್ಷಿ ಇದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಜಲಜಕ್ಕನ ಎಸಿ ಕಾಣಿ, ತಂಪಿಗ್ ತಂಪ್, ಊಟಕ್ ಮೀನ್ ಪದಾರ್ಥ" ಎಂದಿದ್ದಳು.

ಅದು ಹರಿಣಾಕ್ಷಿ ಇನ್ನೂ ನಗಲು ಬರುತ್ತಿದ್ದ ಕಾಲ. ಅವಳ ಗಂಡ ಶೇಖರನದು ಮುಂಬೈಯಲ್ಲಿ ಹೋಟೆಲು. ಬೇಲಿಯಾಚೆಯ ದೊಡ್ಡ ಮನೆಯಲ್ಲಿ ಅವಳೊಬ್ಬಳೇ, ಬೇಲಿಯೀಚೆ ಜಲಜ ಒಬ್ಬಳೇ. ಊಟವಾದ ಮೇಲೆ ಹರಿಣಾಕ್ಷಿ ಅಡಿಕೆ ಹಾಳೆಯ ಬೀಸಣಿಗೆ ಹಿಡಿದು ಜಲಜಳ ಜಗಲಿಗೆ ಬರುತ್ತಿದ್ದಳು. ಒಬ್ಬಳು ಬೀಸುವುದು, ಇಬ್ಬರಿಗೂ ಗಾಳಿ. ಮಾತು ಎಂತದೂ ಇರಲಿಲ್ಲ. ಸೆಕೆ, ಬಂಗುಡೆ, ಟಿವಿಯ ಧಾರಾವಾಹಿ, ಯಾರ ಮಗಳು ಯಾರ ಸೊಸೆ. ಆದರೂ ದಿನದ ಆ ಒಂದು ತುಂಡು ಹೊತ್ತು ಇದ್ದದ್ದರಿಂದ ಉಳಿದ ಹೊತ್ತು ಕಳೆದುಹೋಗುತ್ತಿತ್ತು.

ಹೋದ ವರ್ಷ ಶೇಖರ ಊರಿಗೆ ಬಂದವನು ಮಲಗುವ ಕೋಣೆಗೆ ಎಸಿ ಹಾಕಿಸಿಕೊಟ್ಟು ಹೋದ. ಅದರ ಹೊರಗಿನ ಪೆಟ್ಟಿಗೆಗೆ ಜಾಗ ಸಿಕ್ಕಿದ್ದು ಜಲಜಳ ಬೇಲಿಯ ಕಡೆಯ ಗೋಡೆಯಲ್ಲಿ. ಒಳಗಿನ ಸೆಕೆಯನ್ನೆಲ್ಲ ಅದು ಗುಂಯ್ ಎನ್ನುತ್ತ ಈಚೆ ಉಗುಳುತ್ತಿತ್ತು. ಜಲಜಳಿಗೆ ಅದರ ಸಿಟ್ಟಿರಲಿಲ್ಲ. ಅವಳ ಸಂಕಟ ಬೇರೆ. ಎಸಿ ಬಂದ ಮೇಲೆ ಹರಿಣಾಕ್ಷಿಯ ಕಿಟಕಿ ಮುಚ್ಚಿತು, ಬಾಗಿಲು ಮುಚ್ಚಿತು, ಹಾಳೆಯ ಬೀಸಣಿಗೆ ಎಲ್ಲಿ ಹೋಯಿತೋ. ಮಧ್ಯಾಹ್ನ ಬೇಲಿಯ ಹತ್ತಿರ ನಿಂತು "ಹ್ವಾಯ್" ಎಂದರೆ ಆ ಪೆಟ್ಟಿಗೆಯೇ ಗುಂಯ್ ಎನ್ನುತ್ತಿತ್ತು.

ಹರಿಣಾಕ್ಷಿ ಕರೆಯಲಿಲ್ಲವೆಂದಲ್ಲ. "ಅಲ್ಲೆಂತಕೆ ಬೇಯ್ತಾ ಕೂಕಂತ್ರಿ ಜಲಜಕ್ಕ, ಬನ್ನಿ, ಒಳಗ್ ತಂಪಿತ್ತ್" ಎಂದು ಕೈ ಹಿಡಿದೇ ಕರೆದಿದ್ದಳು. ಜಲಜ ಒಂದು ದಿನ ಹೋದಳು. ಮಂಚದ ಅಂಚಿನಲ್ಲಿ ಕೂತಳು. ತಂಪು ನಿಜವಾಗಿಯೂ ತಂಪು, ಬೆನ್ನಿನ ಬೆವರು ಆರಿ ಮೈ ಹಗುರಾಯಿತು. ಆದರೆ ಮುಚ್ಚಿದ ಕೋಣೆಯಲ್ಲಿ ಸ್ವಲ್ಪ ಹೊತ್ತಿನಲ್ಲೇ ಅವಳ ಮೂಗಿಗೆ ಅವಳದೇ ವಾಸನೆ ಬಂತು. ಜಗಲಿಯಲ್ಲಿ ಕೂತಾಗ ಗಾಳಿ ಹೊತ್ತೊಯ್ಯುತ್ತಿದ್ದ ಮೀನಿನ ವಾಸನೆ ಇಲ್ಲಿ ಎಲ್ಲಿಗೂ ಹೋಗದೆ ಅವಳ ಜೊತೆಯಲ್ಲೇ ಕೂತಿತ್ತು. ಎರಡು ಸಲ ಸೋಪು ಹಾಕಿ ಮಿಂದು ಬಂದವಳು ಅವಳು. ಹರಿಣಾಕ್ಷಿ ಏನೂ ಹೇಳಲಿಲ್ಲ, ಮುಖವನ್ನೂ ಕಿವುಚಲಿಲ್ಲ. ಅವಳು ಅಷ್ಟು ಜಾಗ್ರತೆಯಿಂದ ಏನೂ ಹೇಳದೆ ಇದ್ದದ್ದೇ ಜಲಜಳ ಎದೆಗೆ ಚುಚ್ಚಿತು. ಮಾರನೆಯ ದಿನದಿಂದ ಕೆಲಸವಿದೆಯೆಂದು ಹೇಳಿ ತಪ್ಪಿಸಿಕೊಂಡಳು. ಆಮೇಲೆ ಕರೆಯುವುದೂ ಕಡಿಮೆಯಾಯಿತು.

ಅಂಥ ಮಧ್ಯಾಹ್ನಗಳಲ್ಲಿ ಅವಳಿಗೆ ತಂಗಿ ಚಂದುವಿನ ನೆನಪು ಬರುತ್ತಿತ್ತು. ನೆನಪು ಎನ್ನುವುದು ದೊಡ್ಡ ಮಾತು, ಆಸೆ ಎಂದರೇ ಸರಿ. ಚಂದು ಬರಬೇಕು, ಪಕ್ಕದಲ್ಲಿ ಉರುಳಬೇಕು, ಸೆಕೆ ಎಂದು ಬೈಯಬೇಕು. ಅಷ್ಟೇ ಆಸೆ. ಚಂದುವನ್ನು ಕೊಟ್ಟದ್ದು ಗುಲ್ವಾಡಿಗೆ. ತಲ್ಲೂರಿನಿಂದ ಗುಲ್ವಾಡಿಗೆ ಬಸ್ಸು ಹತ್ತಿ ಕಣ್ಣು ಮುಚ್ಚಿದರೆ ನಿದ್ದೆ ಬರುವ ಮೊದಲೇ ಇಳಿಯಬೇಕು, ಅಷ್ಟು ಹತ್ತಿರ. ಆದರೆ ಅಕ್ಕ ತಂಗಿ ಮುಖ ನೋಡಿ ಒಂಬತ್ತು ವರ್ಷವಾಗಿತ್ತು.

ಕಾರಣ ಕೇಳಿದರೆ ಘಟ್ಟದ ಮೇಲಿನವರು ನಕ್ಕಾರು. ನಮ್ಮ ಕಡೆಯವರು ನಗುವುದಿಲ್ಲ. ಕಾರಣ ಹೇಳಿಕೆ. ಮದುವೆ ಮುಂಜಿಗೆ ಕರೆಯುವುದಕ್ಕೆ ನಮ್ಮಲ್ಲಿ ಹೇಳಿಕೆ ಎನ್ನುತ್ತಾರೆ. ಹತ್ತಿರದವರಿಗೆ ಮನೆಯ ಯಜಮಾನನೋ ಯಜಮಾನಿಯೋ ಖುದ್ದು ಬಂದು, ಹೊಸ್ತಿಲಲ್ಲಿ ನಿಂತು, ಮುಖ ನೋಡಿ ಹೇಳಬೇಕು. ಕಾಗದ ಎಷ್ಟು ಬಣ್ಣದ್ದಾದರೂ ಅದು ಹೇಳಿಕೆಯಲ್ಲ. ಫೋನು ಮಾಡಿದರೆ ಅದು ಸುದ್ದಿ. ಒಂಬತ್ತು ವರ್ಷದ ಹಿಂದೆ ಚಂದುವಿನ ಮಗಳು ಪೂಜಿತಾಳ ಮದುವೆ ಕೊಕ್ಕರ್ಣೆಯ ಹುಡುಗನ ಜೊತೆ ನಿಶ್ಚಯವಾಯಿತು. ಚಂದುವೂ ಅವಳ ಗಂಡನೂ ಹೇಳಿಕೆಗೆ ತಲ್ಲೂರಿಗೆ ಬಂದರು. ಮೊದಲ ಹೇಳಿಕೆಯೇ ಅಕ್ಕನಿಗೆ. ಆದರೆ ಜಲಜ ಮಾರ್ಕೆಟಿನಲ್ಲಿದ್ದಳು. ಅವರಿಗೆ ಇನ್ನೂ ಹತ್ತಾರು ಮನೆಗೆ ಹೋಗುವುದಿತ್ತು. ಕಾದು ಕಾದು ನೆರೆಮನೆಯ ಹರಿಣಾಕ್ಷಿಯ ಹತ್ತಿರ ಹೇಳಿ ಹೋದರು.

ಹರಿಣಾಕ್ಷಿ ತಪ್ಪದೆ ಹೇಳಿದಳು. ಜಲಜ ಕೇಳಿಸಿಕೊಂಡು ಸುಮ್ಮನಾದಳು. ತಂಗಿ ಇನ್ನೊಂದು ಸಲ ಬಂದೇ ಬರುತ್ತಾಳೆ, ಸ್ವಂತ ಅಕ್ಕನಿಗೆ ಆಚೆಮನೆಯವರ ಬಾಯಲ್ಲಿ ಹೇಳಿಸಿ ಬಿಡುತ್ತಾಳೆಯೇ ಎಂದುಕೊಂಡಳು. ಪೂಜಿತಾಳಿಗೆಂದು ಕುಂಕುಮ ಬಣ್ಣಕ್ಕೆ ಹಸಿರು ಅಂಚಿನ ರೇಷ್ಮೆಯ ಪಟ್ಟೆ ಸೀರೆ ತಂದು ಟ್ರಂಕಿನಲ್ಲಿಟ್ಟಳು. ಚಂದು ಬರಲಿಲ್ಲ. ಮದುವೆಮನೆಯ ಗಡಿಬಿಡಿಯಲ್ಲಿ, ಹೇಳಿಯಾಯಿತಲ್ಲ ಎಂದು ಅವಳು ನಿಶ್ಚಿಂತಳಾಗಿದ್ದಳು. ಮದುವೆಯ ದಿನ ಜಲಜ ಒಳ್ಳೆಯ ಸೀರೆ ಉಟ್ಟು ಜಗಲಿಯಲ್ಲಿ ಕೂತಳು. ಯಾರಾದರೂ ಓಡಿ ಬಂದು ಒಂದು ಮಾತು ಕರೆದರೆ ಸಾಕಿತ್ತು. ಯಾರೂ ಬರಲಿಲ್ಲ. ಅತ್ತ ಮಂಟಪದಲ್ಲಿ ಧಾರೆಯ ಹೊತ್ತಿಗೆ "ತವರಿನವರು ಎಲ್ಲಿ, ತವರಿನವರು ಎಲ್ಲಿ" ಎಂದು ಗಂಡಿನ ಕಡೆಯವರೆಲ್ಲ ಕೇಳಿದರಂತೆ. ಚಂದುವಿಗೆ ತವರು ಎಂದು ಇದ್ದದ್ದು ಅಕ್ಕ ಒಬ್ಬಳೇ. ನೂರಾರು ಜನರ ನಡುವೆ ಅವಳು ತಲೆ ತಗ್ಗಿಸಿ ನಿಂತಳಂತೆ. ಆಮೇಲೆ ಯಾರದೋ ಬಾಯಲ್ಲಿ "ಇನ್ ಅವ್ಳ್ ಮನಿ ಮೆಟ್ಲ್ ಹತ್ತುದಿಲ್ಲ" ಎಂಬ ಮಾತು ಬಂತು. ಇತ್ತ ಜಲಜ "ಹೇಳ್ಕಿ ಇಲ್ದೆ ಹೋಪುದಾ, ನಾನೆಂತ ಉಂಬುಕ್ ಇಲ್ದೆ ಇದ್ನಾ" ಎಂದದ್ದೂ ಗುಲ್ವಾಡಿಗೆ ತಲುಪಿತು. ಸರಿಯಾದ ಮಾತು ಯಾವುದೂ ತಲುಪದಿದ್ದರೂ ಇಂಥದ್ದು ಬೇಗ ತಲುಪುತ್ತದೆ.

ಇಬ್ಬರೂ ಸರಿ. ಇಬ್ಬರೂ ಸರಿ ಇದ್ದಾಗ ರಾಜಿ ಮಾಡಿಸುವುದು ಯಾರು? ಜಲಜ ಒಳಗೊಳಗೇ ಬೆಂದಳು. ತಾಯಿ ಇದ್ದಿದ್ದರೆ ಇಬ್ಬರ ಜುಟ್ಟೂ ಹಿಡಿದು ಒಂದೇ ಚಾಪೆಯಲ್ಲಿ ಕೂರಿಸುತ್ತಿದ್ದಳು.

ಚಪ್ಪರದ ಯೋಚನೆ ಬಂದದ್ದೂ ತಾಯಿಯ ನೆನಪಿನಿಂದಲೇ. ಆ ವರ್ಷದ ಸೆಕೆ ಹೇಳತೀರದು. ಕರೆಂಟು ಬೇಕಾದಾಗ ಇರುತ್ತಿರಲಿಲ್ಲ, ಐಸ್ ತುಂಡು ತಲ್ಲೂರು ತಲುಪುವಷ್ಟರಲ್ಲಿ ಗೋಣಿ ಒದ್ದೆಯಾಗಿ ಒಳಗೆ ನಿಂಬೆಗಾತ್ರದ ಚೂರು ಉಳಿದಿರುತ್ತಿತ್ತು. ಒಂದು ಮಧ್ಯಾಹ್ನ ಜಲಜ ಒಳಗೆ ಮಲಗಲಾರದೆ, ಜಗಲಿಯಲ್ಲಿ ಆ ಪೆಟ್ಟಿಗೆಯ ಬಿಸಿ ಗಾಳಿಗೆ ಕೂರಲಾರದೆ ಅಂಗಳಕ್ಕಿಳಿದಳು. ಇಲ್ಲೇ ಅಲ್ಲವೇ ಅಬ್ಬಿ, ಅಂದರೆ ತಾಯಿ, ಪ್ರತಿ ಬೇಸಗೆ ಚಪ್ಪರ ಹಾಕಿಸುತ್ತಿದ್ದದ್ದು. ಆ ಚಪ್ಪರದಡಿಯಲ್ಲೇ ತಾನೂ ಚಂದುವೂ ಅಂಟಿಕೊಂಡು ಮಲಗಿ, ಸೆಕೆಯೆಂದು ಒಬ್ಬರನ್ನೊಬ್ಬರು ತಳ್ಳಿ, ಮತ್ತೆ ಅಂಟಿಕೊಳ್ಳುತ್ತಿದ್ದದ್ದು. ಚಂದುವಿನ ಮದುವೆಯ ಚಪ್ಪರ ಎದ್ದದ್ದೂ ಇದೇ ನೆಲದಲ್ಲಿ. ಅಂದು ಬಡಿಸುತ್ತ ಓಡಾಡಿದವಳು ಜಲಜ. ತನ್ನ ಸರದಿಯ ಚಪ್ಪರ ಏಳಲೇ ಇಲ್ಲ. ಒಂದೆರಡು ಗಂಡು ಬಂದವು, ಹೋದವು. ತಾಯಿ ಹಾಸಿಗೆ ಹಿಡಿದಳು. ಮೀನಿನ ಬುಟ್ಟಿ ತಲೆಗೆ ಬಂತು. ಆಮೇಲೆ ಊರು ಕೇಳುವುದನ್ನೂ ಬಿಟ್ಟಿತು.

ಮಾರನೆಯ ದಿನವೇ ಚಪ್ಪರ ಹಾಕುವ ಶೀನನಿಗೆ ಹೇಳಿದಳು. ಶೀನ ಮದುವೆ ಬೊಜ್ಜ ಎರಡಕ್ಕೂ ಹೆಸರಾದವನು. ಸೆಕೆಗೆ ಚಪ್ಪರ ಎಂದಾಗ ಅವನೂ ಒಂದು ಕ್ಷಣ ಬಾಯಿ ಬಿಟ್ಟು ನಿಂತ. ಆದರೆ ಕೆಲಸ ಕೆಲಸವೇ. ಕಂಬ ನಿಲ್ಲಿಸಿದ, ಬಿದಿರು ಅಡ್ಡ ಕಟ್ಟಿದ, ಹೆಣೆದ ಮಡಲನ್ನು ಎರಡು ಪದರ ಹೊದೆಸಿದ. ಜಲಜ ಅಡಿಯಲ್ಲಿ ನಿಂತು ನೋಡಿದಳು. ನೆಲ ಆಗಲೇ ತಣ್ಣಗಾಗುತ್ತಿತ್ತು. ಅವಳಿಗೆ ಖುಷಿಯಾಯಿತು, ಶೀನನಿಗೆ ಚಾ ಮಾಡಲು ಒಳಗೆ ಹೋದಳು. ಚಾ ಹಿಡಿದು ಹೊರಗೆ ಬರುವಾಗ ಅವನು ಎದುರಿನ ಎರಡು ಕಂಬಗಳ ನಡುವೆ ಮಾವಿನ ಸೊಪ್ಪಿನ ತೋರಣ ಕಟ್ಟುತ್ತಿದ್ದ.

"ಇದೆಂತಕೆ ಶೀನ?"

"ಬೋಳ್ ಚಪ್ರ ಬಿಟ್ಟ್ ಹೋಪುಕ್ ಆತಿಲ್ಲ ಜಲಜಕ್ಕ. ಬಸ್ಸಲ್ ಹೋಪರ್ ಕಂಡ್ರೆ, ಜಲಜಕ್ಕ ಹೋಯ್ತ್, ಬೊಜ್ಜ ಅಂದ್ಕಂತ್ರ್."

"ಅಂದ್ಕಂಡ್ರೆ ಅಂದ್ಕಳ್ಲಿ. ನಂಗ್ ನೆಳ್ಳ್ ಇದ್ರೆ ಸೈ."

"ಬಾಯಗ್ ಒಳ್ಳೆದ್ ಮಾತಾಡಿ. ಇರ್ಲಿ ಬಿಡಿ, ಸೊಪ್ಪಿಗೆಂತ ಖರ್ಚಾ?"

ಒಳ್ಳೆಯ ಮನಸ್ಸಿನಿಂದ ಮಾಡುವ ಕೆಲಸವನ್ನು ತಡೆಯುವುದು ಕಷ್ಟ. ಜಲಜ ಬಿಟ್ಟಳು. ಆ ಸೊಪ್ಪೇ ಎಲ್ಲ ರಾದ್ಧಾಂತಕ್ಕೆ ಮೂಲವಾಯಿತು.

ಅವಳ ಅಂಗಳ ರಸ್ತೆಗೆ ಮುಖ ಮಾಡಿದ್ದು. ಗುಲ್ವಾಡಿಯ ಬಸ್ಸು ಅದೇ ರಸ್ತೆಯಲ್ಲಿ ತಿರುಗಿ ಹೋಗುತ್ತಿತ್ತು. ಎರಡು ದಿನದಲ್ಲಿ ಸುದ್ದಿ ತಾನಾಗಿ ಕೈಕಾಲು ಬೆಳೆಸಿಕೊಂಡಿತು. ಹಾಲಿನವನು ಕೇಳಿದ, ಪೋಸ್ಟಿನವನು ಕೇಳಿದ, ಕಂಡಕ್ಟರು ಬಸ್ಸಿನ ಬಾಗಿಲಲ್ಲಿ ನೇತಾಡುತ್ತಲೇ ಕೇಳಿದ.

"ಎಂತ ಜಲಜಕ್ಕ, ಮನ್ಯಗ್ ಮದಿಯಾ?"

"ಮದಿಯೂ ಇಲ್ಲ, ಮಣ್ಣೂ ಇಲ್ಲ. ಸೆಕಿ" ಎಂದಳು ಜಲಜ. ಕೇಳಿದವರೆಲ್ಲ ಇದನ್ನು ನಾಚಿಕೆ ಎಂದು ತಿಳಿದರು. ಒಂಟಿ ಹೆಂಗಸಿನ ಮನೆಯಲ್ಲಿ ಮದುವೆ ಎಂದರೆ ಅವಳದೇ ಆಗಬೇಕಲ್ಲ. ಹಾಗಾದರೆ ಗಂಡು ಯಾರು? ಮಾರ್ಕೆಟಿನ ಹೆಂಗಸರು ಅದನ್ನೂ ಬಗೆಹರಿಸಿದರು. ಐಸ್ ಫ್ಯಾಕ್ಟರಿಯ ಕಿಟ್ಟ ಹೆಂಡತಿ ಸತ್ತವನು. ಜಲಜಳಿಗೆ ದಿನವೂ ಐಸ್ ತುಂಡು ಸುಮ್ಮನೆ ಕೊಡುತ್ತಾನೆ. ಯಾರಾದರೂ ಐಸನ್ನು ಸುಮ್ಮನೆ ಕೊಡುತ್ತಾರೆಯೇ? ಮುಹೂರ್ತವೂ ನಿಶ್ಚಯವಾಯಿತು, ಬರುವ ಆಯ್ತವಾರವಂತೆ. ಪಾಪ, ಕಿಟ್ಟನಿಗೆ ಇದು ಗೊತ್ತಾದದ್ದು ಎಲ್ಲರಿಗಿಂತ ಕೊನೆಗೆ. ಗೊತ್ತಾದ ದಿನ ಅವನು ಐಸ್ ಗೋಣಿಯನ್ನು ನೆಲದ ಮೇಲಿಟ್ಟು, ಮುಖ ತಿರುಗಿಸಿ, "ತಕಂಡ್ ಹೋಯ್ನಿ" ಎಂದು ಗೋಡೆಗೆ ಹೇಳಿದ.

ಜಲಜ ಮೊದಲು ನಕ್ಕಳು, ಆಮೇಲೆ ರೇಗಿದಳು. ತೋರಣ ಕಿತ್ತು ಹಾಕಲು ಹೋದವಳಿಗೆ ಶೀನನ ಮಾತು ನೆನಪಾಗಿ ಕೈ ತಡೆಯಿತು. ಈಗ ಕಿತ್ತರೆ, ಮದುವೆಗೆ ಮುಂಚೆಯೇ ಏನೋ ಆಯಿತು ಎಂದು ಇನ್ನೊಂದು ಕತೆ ಹುಟ್ಟುತ್ತದೆ. ಒಣಗಿದ ಸೊಪ್ಪು ಗಾಳಿಗೆ ಪರಪರ ಎನ್ನುತ್ತಿತ್ತು. ಅದರಡಿಯಲ್ಲಿ ಚಾಪೆ ಹಾಸಿ ಮಲಗಿದರೆ ಮೈಗೆ ತಂಪಾಗುತ್ತಿತ್ತು, ಬೇಡವೆನ್ನುವಂತಿಲ್ಲ. ಆದರೆ ಚಾಪೆ ಇಬ್ಬರು ಮಲಗುವ ಅಗಲದ್ದು. ಅವಳು ಅಭ್ಯಾಸದಿಂದ ಒಂದು ಬದಿಗೆ ಮಲಗುತ್ತಿದ್ದಳು. ಖಾಲಿ ಬದಿ ಖಾಲಿಯೇ ಇರುತ್ತಿತ್ತು.

ಶುಕ್ರವಾರ ಮಾರ್ಕೆಟಿಗೆ ಗುಲ್ವಾಡಿಯ ಕಡೆಯ ಗಿರಾಕಿ ಹೆಂಗಸೊಬ್ಬಳು ಬಂದಳು. ಬೂತಾಯಿ ಮೀನು ಆರಿಸುತ್ತ, ತಲೆ ಎತ್ತದೆ, "ನಿಮ್ ತಂಗಿಗೂ ಗೊತ್ತಾಯ್ತ್ ಕಾಣಿ. ಆಯ್ತಾರ ಅಂಬ್ರ್ ಅಲ್ದಾ? ನಾನೇ ಹೇಳ್ದೆ. ಅದ್ ಎಂತದೂ ಮಾತಾಡ್ಲಿಲ್ಲ, ಒಳಗ್ ಹೋಯ್ತ್" ಎಂದಳು.

ಐಸಿನಲ್ಲಿದ್ದ ಜಲಜಳ ಕೈ ಅಲ್ಲೇ ನಿಂತಿತು. ಊರು ಏನು ಬೇಕಾದರೂ ಹೇಳಿಕೊಳ್ಳಲಿ ಎಂದು ಬಿಟ್ಟಿದ್ದಳು, ಚಂದುವಿನ ಕಿವಿಗೂ ಅದು ಬೀಳುತ್ತದೆಂದು ಯೋಚಿಸಿರಲಿಲ್ಲ. ಚಂದು ಈಗ ಏನೆಂದುಕೊಂಡಾಳು? ಅಕ್ಕ ಐವತ್ತು ದಾಟಿದ ಮೇಲೆ ಮದುವೆಯಾಗುತ್ತಿದ್ದಾಳೆ, ಅಂಥ ದಿನಕ್ಕೂ ನನಗೊಂದು ಹೇಳಿಕೆ ಇಲ್ಲ ಎಂದುಕೊಂಡಾಳು. ಇಷ್ಟು ವರ್ಷ ಮುನಿಸಿತ್ತು. ಮುನಿಸು ಎಂದಾದರೂ ಮುರಿಯಬಹುದು ಎಂಬ ಸಣ್ಣ ಆಸೆಯೂ ಅದರ ಜೊತೆಗಿತ್ತು. ಇದೊಂದು ಆದ ಮೇಲೆ ಆ ಆಸೆಯೂ ಹೋಗುತ್ತದೆ. ಚಂದು ಇನ್ನು ಬರುವುದಿಲ್ಲ, ತಾನು ಸತ್ತರೂ ಬರುವುದಿಲ್ಲ.

ಹೋಗಿ ಹೇಳಿದರಾಯಿತು. ಬಸ್ಸು ಹತ್ತಿ ಗುಲ್ವಾಡಿಯಲ್ಲಿ ಇಳಿದು "ಮದಿ ಅಲ್ಲ ಚಂದು, ಸೆಕಿಗ್ ಹಾಕದ್ದ್" ಎಂದರೆ ಮುಗಿಯುತ್ತದೆ. ಅಷ್ಟು ಸುಲಭ. ಶುಕ್ರವಾರ ಮಾರ್ಕೆಟಿನಿಂದ ಬಂದು ರಸ್ತೆಯ ಬದಿ ನಿಂತಳು. ಬಸ್ಸು ಬಂತು, ಕಂಡಕ್ಟರು ಸೀಟಿ ಊದಿದ, ಬಸ್ಸು ಹೋಯಿತು. ಕರೆಯದವರ ಮನೆಯ ಹೊಸ್ತಿಲು ತುಳಿಯಲು ಅವಳ ಕಾಲು ಒಪ್ಪಲಿಲ್ಲ. ಅವಳೇ ಮೊದಲು ಬರಲಿ, ತಪ್ಪು ಅವಳದಲ್ಲವೇ ಎಂದು ಹಳೆಯ ಮಾತೇ ಮತ್ತೆ ಎದ್ದಿತು. ಶನಿವಾರವೂ ಹಾಗೇ ನಿಂತಳು, ಹಾಗೇ ಬಂದಳು. ಇಂಥ ಹಟವನ್ನು ಬೈಯಬೇಕೋ ಮರುಗಬೇಕೋ ತಿಳಿಯುವುದಿಲ್ಲ. ಆ ರಾತ್ರಿ ಅವಳು ಚಪ್ಪರದಡಿಯಲ್ಲಿ ಮೇಲಿನ ಮಡಲು ನೋಡುತ್ತ ಮಲಗಿ ಅತ್ತಳು. ಹರಿಣಾಕ್ಷಿಯ ಪೆಟ್ಟಿಗೆ ಗುಂಯ್ ಎನ್ನುತ್ತಿದ್ದುದರಿಂದ ಅಳುವುದಕ್ಕೆ ಅನುಕೂಲವಾಯಿತು.

ಆಯ್ತವಾರ ಮೀನಿಗೆ ದೊಡ್ಡ ದಿನ. ಮಾರ್ಕೆಟಿನಲ್ಲಿ ಹೆಂಗಸರು "ಮದ್ಮಗಳ್ ಬಂತ್" ಎಂದು ಒಬ್ಬರನ್ನೊಬ್ಬರು ತಿವಿದರು. ಮದುಮಗಳೇ ಬುಟ್ಟಿ ಹೊತ್ತು ಬಂದದ್ದು ನೋಡಿ ಅವರಿಗೂ ಮದುವೆಯ ಮೇಲಿನ ನಂಬಿಕೆ ಹೋಯಿತು. ಮಾತು ಅಂಜಲ್ ಮೀನಿನ ಕಡೆ ತಿರುಗಿತು. ಗಿರಾಕಿ ಮುಗಿಯುವಾಗ ಬಿಸಿಲು ನೆತ್ತಿ ದಾಟಿತ್ತು. ಜಲಜ ಐಸಿನ ಗೋಣಿ ಹಿಡಿದು ಬಸ್ಸಿಳಿದು ಮನೆಗೆ ಬಂದಳು.

ಅಂಗಳದಲ್ಲಿ ಕಾಲಿಟ್ಟವಳು ನಿಂತಳು. ಬೆಳಿಗ್ಗೆ ಸುತ್ತಿ ಗೋಡೆಗೆ ಒರಗಿಸಿದ್ದ ಚಾಪೆ ಚಪ್ಪರದಡಿ ಹಾಸಿತ್ತು. ಅವಳು ಮಲಗದ ಬದಿಯಲ್ಲಿ ಯಾರೋ ಮಲಗಿ ಎದ್ದ ಹಾಗೆ ಮೂಲೆ ಮಡಚಿತ್ತು. ಜಗಲಿಯ ಹೂಜಿಯ ಮುಚ್ಚಳ ತೆರೆದಿತ್ತು. ಎದುರಿನ ಕಂಬದಲ್ಲಿ, ಒಣ ತೋರಣದ ಪಕ್ಕ, ಬಾಳೆ ಎಲೆಯಲ್ಲಿ ಕಟ್ಟಿದ ಮಲ್ಲಿಗೆ ಚೆಂಡೊಂದು ತೂಗುತ್ತಿತ್ತು. ಸೆಕೆಗೆ ಎಲೆ ಬಾಡಿತ್ತು, ಒಳಗಿನ ಹೂವಿನ ವಾಸನೆ ಮಾತ್ರ ಅಂಗಳವೆಲ್ಲ ಹರಡಿತ್ತು.

ಬೇಲಿಯಾಚೆ ಪೆಟ್ಟಿಗೆಯ ಸದ್ದಿರಲಿಲ್ಲ. ಕರೆಂಟು ಹೋಗಿತ್ತು. ಹರಿಣಾಕ್ಷಿ ಬಾಗಿಲು ತೆರೆದಿಟ್ಟು ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಜಲಜಳನ್ನು ಕಂಡು ಎದ್ದು ಬೇಲಿಯ ಹತ್ತಿರ ಬಂದಳು.

"ಈಗ ಬಂದ್ರ್ಯಾ ಜಲಜಕ್ಕ? ಚಂದಕ್ಕ ಬಂದಿದ್ರ್."

ಜಲಜ ಗೋಣಿಯನ್ನು ಕೆಳಗಿಟ್ಟಳು.

"ಎಷ್ಟೊತ್ತಿಂದ ಕೂಕಂಡಿದ್ರೋ ಗೊತ್ತಿಲ್ಲ. ನಿಮ್ಗೂ ಕರ್ದ್ರಂಬ್ರ್, ನಂಗೂ ಕರ್ದ್ರಂಬ್ರ್. ಬಾಗ್ಲ್ ಹಾಕ್ಕಂಡ್ ಒಳಗಿಪ್ಪರಿಗ್ ಎಂತ ಕೇಂತ್ತ್? ಕರೆಂಟ್ ಹೋಯ್ತ್, ಸೆಕಿ ತಡುಕಾಯ್ದೆ ಹೊರಗ್ ಬಂದೆ. ಕಂಡ್ರೆ, ಪಟ್ಟಿ ಸೀರಿ ಉಟ್ಕಂಡ್, ಈ ಬಿಸ್ಲಗ್, ಚಂದಕ್ಕ ಒಬ್ರೇ ಚಪ್ರದ್ ಅಡಿಯಗ್ ಕೂಕಂಡಿದ್ರ್."

"ಒಬ್ಳೇ ಬಂದದ್ದಾ?"

"ಒಬ್ರೇ. ಮದಿ ಮುಗ್ದ್ ಎಲ್ರೂ ಹೋಯ್ರಾ ಅಂದ್ ಕೇಂಡ್ರ್. ಮದಿ ಎಂತದೂ ಇಲ್ಲ ಚಂದಕ್ಕ, ಸೆಕಿಗ್ ಹಾಕದ್ದ್ ಅಂದೆ. ಮೊದ್ಲ್ ನಗಾಡ್ರ್. 'ಅಬ್ಬಿ ಹಾಕ್ಸಿದ್ ಹಾಂಗೆ ಹಾಕ್ಸಿದ್ದ್' ಅಂದ್ರ್. ಆಮೇಲ್ ಕಣ್ಣ್ ಒರ್ಸ್ಕಂಡ್ರ್. ಸ್ವಲ್ಪ ಹೊತ್ ಅಡ್ಡ ಬಿದ್ಕಂತೆ ಅಂದ್ ಹೇಳಿ ಅಲ್ಲೇ ಮನಿಕಂಡ್ರ್. ನಿದ್ದಿಯೂ ಬಂತ್ ಕಾಂತ್. ಬಸ್ಸಿಗೆ ಹೊತ್ತಾಯ್ತ್ ಅಂದೇಳಿ ಎದ್ ಹೋದ್ರ್."

ಜಲಜ ಕಂಬ ಹಿಡಿದುಕೊಂಡಳು. ಕೇಳಬೇಕಾದದ್ದು ಒಂದೇ ಇತ್ತು, ಅದನ್ನು ಕೇಳಲು ಅವಳಿಗೆ ಹೆದರಿಕೆಯಾಯಿತು.

"ಎಂತಾರೂ ಹೇಳ್ತಾ?"

"ಹೇಳ್ರ್. 'ಹೇಳ್ಕಿ ಇಲ್ದಿದ್ರೂ ಬಂದಿದ್ದೆ ಅಂದ್ ಅಕ್ಕನ್ ಹತ್ರ ಹೇಳಿ' ಅಂದ್ರ್. ಅಷ್ಟೇ."

"ನಂಗ್ ಬಾ ಅಂದೇಳಿ ಹೇಳ್ತಾ?"

ಹರಿಣಾಕ್ಷಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ. ಹಾಂಗೆಂತ ಹೇಳ್ಲಿಲ್ಲ" ಎಂದಳು.

ಜಲಜ ಬಹಳ ಹೊತ್ತು ಚಾಪೆಯ ಮೇಲೆ ಕೂತಿದ್ದಳು. ಖಾಲಿ ಬದಿಯಲ್ಲೇ ಕೂತಳು. ಈ ಸುಡು ಬಿಸಿಲಲ್ಲಿ ಪಟ್ಟೆ ಸೀರೆ ಉಟ್ಟು, ಹೂವು ಹಿಡಿದು, ಕರೆಯದ ಮದುವೆಗೆ ಚಂದು ಬಂದಿದ್ದಳು. ಧಾರೆಯ ಹೊತ್ತಿಗೆ ಯಾರಾದರೂ "ತವರಿನವರು ಎಲ್ಲಿ" ಎಂದು ಕೇಳಿದರೆ ಅಕ್ಕ ತಲೆ ತಗ್ಗಿಸಬಾರದೆಂದು ಬಂದಿದ್ದಳು. ತಾನು ಒಂಬತ್ತು ವರ್ಷದ ಹಿಂದೆ ಸೀರೆ ಉಟ್ಟು ಇದೇ ಜಗಲಿಯಲ್ಲಿ ಕೂತೇ ಇದ್ದಳು. ಎದ್ದು ಒಂದು ಬಸ್ಸು ಹತ್ತಿರಲಿಲ್ಲ. ಅಳು ಬರಲಿಲ್ಲ, ನಾಚಿಕೆಯಾಯಿತು. ಗೋಣಿಯ ಐಸು ಕರಗಿ ನೀರು ಸಣ್ಣಗೆ ಹರಿದು ಚಾಪೆಯ ಅಂಚಿಗೆ ಬಂತು. ಆಗ ಅವಳು ಎದ್ದಳು.

ಬಾವಿಕಟ್ಟೆಯಲ್ಲಿ ಸೋಪು ಹಚ್ಚಿ ಮಿಂದಳು. ಟ್ರಂಕು ತೆಗೆದಳು. ಕುಂಕುಮ ಬಣ್ಣದ, ಹಸಿರು ಅಂಚಿನ ಸೀರೆ ಅಂಗಡಿಯ ಕಾಗದದಲ್ಲೇ ಇತ್ತು, ಮಡಿಕೆಯ ಗೆರೆಯಲ್ಲಿ ಬಣ್ಣ ಸ್ವಲ್ಪ ಮಾಸಿತ್ತು. ಅದನ್ನು ಚೀಲಕ್ಕೆ ಹಾಕಿದಳು. ಅಂದು ಉಟ್ಟು ಕೂತಿದ್ದ ತನ್ನ ಸೀರೆಯನ್ನೇ ಉಟ್ಟಳು. ಮೈ ತುಂಬಿದ್ದರಿಂದ ನೆರಿಗೆ ಕಡಿಮೆ ಬಂತು. ಕಂಬದಿಂದ ಮಲ್ಲಿಗೆ ಇಳಿಸಿ, ಎಲೆ ಬಿಚ್ಚಿ, ಬಾಡಿದ್ದರೂ ತಲೆಗೆ ಮುಡಿದಳು. ಬಾಗಿಲಿಗೆ ಬೀಗ ಹಾಕಿ ರಸ್ತೆಯ ಬದಿ ನಿಂತಾಗ ಬಿಸಿಲು ಇಳಿದಿತ್ತು, ಸೆಕೆ ಇಳಿದಿರಲಿಲ್ಲ. ನೆರಿಗೆಯ ಒಳಗೆಲ್ಲ ಬೆವರು.

ಬಸ್ ನಿಲ್ಲುವಲ್ಲಿ ಶೀನ ಕೂತಿದ್ದ. ಯಾವುದೋ ಮನೆಯ ಚಪ್ಪರ ಮುಗಿಸಿ ಬಂದವನು, ಕೈಯಲ್ಲಿ ಕತ್ತಿ, ಹೆಗಲಲ್ಲಿ ಹಗ್ಗ. ಜಲಜಳ ಸೀರೆಯನ್ನೂ ಹೂವನ್ನೂ ನೋಡಿ ಅವನ ಬಾಯಿಗೆ ಬಂದದ್ದು ಊರಿಗೆಲ್ಲ ಬಂದ ಮಾತೇ.

"ಎಂತ ಜಲಜಕ್ಕ, ಮದಿಗ್ ಹೊರಟದ್ದಾ?"

ಆ ಮಾತು ಕೇಳಿದರೆ ವಾರವೆಲ್ಲ ಉರಿದುಬೀಳುತ್ತಿದ್ದವಳು ಈಗ ಸುಮ್ಮನೆ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಹೌದ್ ಶೀನ. ತಂಗಿ ಮಗಳ್ ಪೂಜಿತನ್ ಮದಿಗೆ."

ಶೀನ ಅವಳ ಮುಖ ನೋಡಿದ. ಪೂಜಿತಾಳ ಮಗ ಶಾಲೆಗೆ ಹೋಗುತ್ತಾನೆಂದು ಅವನಿಗೂ ಗೊತ್ತು. ಜಲಜಕ್ಕನಿಗೆ ಹೇಳಿಕೆ ಇಲ್ಲದೆ ಆ ಮದುವೆ ತಪ್ಪಿಹೋಯಿತೆಂಬುದು ಊರಿಗೆಲ್ಲ ಗೊತ್ತು. ಮೆಲ್ಲಗೆ ಕೇಳಿದ.

"ಹೇಳ್ಕಿ ಬಂದಿತ್ತಾ?"

ತಿರುವಿನಲ್ಲಿ ಗುಲ್ವಾಡಿಯ ಬಸ್ಸು ಕಾಣಿಸಿತು. ಜಲಜ ಚೀಲವನ್ನು ಎದೆಗೆ ಒತ್ತಿಕೊಂಡು ಕೈ ಎತ್ತಿದಳು.

"ಬಂದಿತ್ತ್ ಮರಾಯ. ಹರಿಣಾಕ್ಷಮ್ಮನ್ ಹತ್ರ ಹೇಳಿ ಹೋಯಿದ್ರ್. ನಾನೇ ಹೊರಡುಕ್ ತಡ ಮಾಡ್ದೆ."